ಮಂದಿಯಿಲ್ಲದ ದೇಶಕ್ಕೆ

"ಇಲ್ಲಿ ಒಬ್ಬ ಮನುಷ್ಯಾ ಕಾಣದಂಗ ಆದ್ರ ಹುಡುಕಾವ್ರು ಯಾರ್ರಿ, ಮಾಸ್ತರ?"

ಗೈಬುಸಾಬನ ಬೆರಳು ನಕಾಶೆಯ ಮೇಲ್ತುದಿಯಲ್ಲಿ ನಿಂತಿತ್ತು. ಸಾಲೋಟಗಿಯ ಶಾಲೆಯ ಗೋಡೆಗೆ ತೂಗುಹಾಕಿದ್ದ ಆ ನಕಾಶೆಯಲ್ಲಿ ನಾರ್ವೆ ಎಂಬ ದೇಶ, ಹರಿದ ಅಂಗಿಯ ಅಂಚಿನಂತೆ ಸಮುದ್ರಕ್ಕೆ ಜೋತುಬಿದ್ದಿತ್ತು.

ರಾವಸಾಬ ಮಾಸ್ತರರು ಕನ್ನಡಕ ಏರಿಸಿಕೊಂಡರು. "ಹುಡುಕಾಕ ಮೊದಲ ಮಂದಿ ಇರಬೇಕಲ್ಲ ಗೈಬುಸಾಬ? ಈ ತುದಿಗೆ ಹೋದ್ರ ಹರದಾರಿಗೊಂದು ಮನಿ ಸಿಕ್ಕರ ಹೆಚ್ಚು. ಕಲ್ಲು, ಬರ್ಫ, ನೀರು. ಥಂಡಿ ದಿನದಾಗಂತೂ ಸೂರ್ಯಾನ ಮಾರಿ ಕಾಣೂದಿಲ್ಲ. ಬರೇ ಕತ್ತಲಿ. ಆದ್ರ..."

ಆ 'ಆದರೆ'ಯ ಮುಂದಿನದನ್ನು ಕೇಳಲು ಗೈಬುಸಾಬ ನಿಲ್ಲಲಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

ಅಳಿಯ ಅಬ್ದುಲಗನಿ ನಾರ್ವೆಯವರ ಸಾಮಾನು ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುವವ. ವರ್ಷದ ಬಹುಪಾಲು ನೀರಿನ ಮೇಲೆ, ಉಳಿದ ದಿನ ಇಂಡಿ ಊರಿನ ಮನೆಯಲ್ಲಿ. ಈ ಸಲ ರಜೆಗೆ ಬಂದವನೇ, ಹೆಂಡತಿಯನ್ನು ಹಡಗಿನಲ್ಲಿ ನಾರ್ವೆಗೆ ಕರೆದೊಯ್ಯುತ್ತೇನೆ, ತಿಂಗಳು ಇದ್ದು ಬರುತ್ತೇವೆ ಎಂದ. ಕಪ್ತಾನ ಒಪ್ಪಿದ್ದನಂತೆ. ಪಾಸ್‌ಪೋರ್ಟೂ ಬಂತು. ಹೆಂಡತಿಯನ್ನು ವಿಜಾಪುರದ ಗೋಳಗುಮ್ಮಟಕ್ಕೆ ಕರೆದೊಯ್ಯುವ ಗಂಡಂದಿರೇ ಕಡಿಮೆಯಿದ್ದ ಊರಿನಲ್ಲಿ ಅದೊಂದು ದೊಡ್ಡ ಸುದ್ದಿ. ಗೈಬುಸಾಬನ ಎದೆಯೂ ಉಬ್ಬಿತ್ತು.

ಬಕ್ರೀದಿನ ತನಕ.

ಹಬ್ಬಕ್ಕೆ ತವರಿಗೆ ಬಂದ ಜೈತುನಬಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ತಾಯಿ ದಾವಲಬಿ ಹಣೆಯ ಬಾವು ಕಂಡಳು. ಮೊಣಕಾಲ ಕೆಳಗೆ ನೋಡಿದರೆ ನೀಲಿಗಟ್ಟಿದ ಕಲೆಗಳು. ಹಳೆಯವು, ಹೊಸವು, ಒಂದರ ಮೇಲೊಂದು.

"ಬಾಗಲಾ ಬಡೀತು," ಎಂದಳು ಮಗಳು.

ಯಾವ ಬಾಗಿಲು ಮೊಣಕಾಲಿಗೆ ಬಡಿಯುತ್ತದೆ? ಕಿರಿಯ ಮಗಳು ರಹಿಮಾಬಿಯ ಲಗ್ನದ ಮಾತುಕತೆ ನಡೆದಿತ್ತು. ಮನೆಯ ರಾದ್ಧಾಂತ ಬೀದಿಗೆ ಬರುವ ಹೊತ್ತಲ್ಲ ಅದು. ಹಬ್ಬ ಮುಗಿದು ಮಗಳು ಮರಳಿದ ಮೇಲೆ ಗೈಬುಸಾಬ ಏನೋ ನೆಪ ಮಾಡಿಕೊಂಡು ಇಂಡಿಗೆ ಹೋದ. ಅಳಿಯನ ಪಡಸಾಲೆ ಬಯಲಾಗಿತ್ತು. ಮಂಚವಿಲ್ಲ, ಕಪಾಟಿಲ್ಲ, ಮದುವೆಯಲ್ಲಿ ಕೊಟ್ಟ ಪೆಟ್ಟಿಗೆಯೂ ಇಲ್ಲ. ಹಿತ್ತಲ ಬಾವಿಗೆ ಹಲಗೆ ಬಡಿದು ಬೀಗ ಹಾಕಿತ್ತು. ಜೀವ ಬೇಸತ್ತ ಹೆಣ್ಣು ಜಿಗಿಯಬಾರದೆಂದೇ? ಹೊತ್ತಿಳಿದ ಮೇಲೆ ಅವಳು ಹೊಸ್ತಿಲು ದಾಟುವಂತಿಲ್ಲ ಎಂದು ನೆರೆಮನೆಯ ಶಮ್ಶುನ್ನೀಸಾ ಪಿಸುಗುಟ್ಟಿದಳು.

"ಬರೋ ವರ್ಷ ಹೋದ್ರಾತು, ಇಷ್ಟ್ಯಾಕ ಗಡಿಬಿಡಿ?" ಎಂದು ಗೈಬುಸಾಬ ಅಳಿಯನನ್ನು ತಡವಿ ನೋಡಿದ.

ಅಬ್ದುಲಗನಿ ಕಣ್ಣು ತಪ್ಪಿಸಿದ. "ಬರೋ ವರ್ಷ ಅಕಿಗೆ ಆಗೂದಿಲ್ರಿ. ಮಿರಗದ ಮಳಿ ಸುರುವಾಗೂದ್ರಾಗ ನಾವು ಅಲ್ಲಿ ಮುಟ್ಟಬೇಕು."

"ಅಲ್ಲೇನು ಮಂದೀನೂ ಇಲ್ಲಂತ?"

"ಇಲ್ರಿ. ಮಂದಿ ಇರಲಾರದ ಜಾಗಾನ ನೋಡೇನಿ."

ಜೈತುನಬಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

ನಕಾಶೆ ನೋಡಿ ಬಂದ ದಿನವೇ ಗೈಬುಸಾಬ ಎತ್ತಿನ ಗಾಡಿ ಹೂಡಿಸಿದ. ಕೈಗೊಂದು ಬಡಿಗೆ ತೆಗೆದುಕೊಂಡ. ಇಂಡಿ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು.

"ಮಗಳನ್ನ ಕರಕೊಂಡು ಹೋಗಾಕ ಬಂದೇನಿ."

ಅಬ್ದುಲಗನಿ ಬಾಗಿಲಿಗೆ ಅಡ್ಡ ನಿಂತ. "ಈಗ ಬ್ಯಾಡ್ರಿ ಮಾಮಾ. ಮುಂಜಾನೆ ಕರಕೊಂಡು ಹೋಗ್ರಿ."

"ಮುಂಜಾನಿತನಾ ಅಕಿ ಉಳೀಬೇಕಲ್ಲ!" ಗೈಬುಸಾಬ ಬಡಿಗೆಯನ್ನು ಅವನ ಎದೆಗೆ ಒತ್ತಿ ಪಕ್ಕಕ್ಕೆ ಸರಿಸಿದ. "ಜೈತುನಾ! ಹೊರಗ ಬಾ. ಒಬ್ಬಾಕಿನ ಬಾ. ಯಾರಿಗೂ ಅಂಜಬ್ಯಾಡ."

ಒಳಗೆ ಬಳೆ ಸದ್ದಾಯಿತು. ಜೈತುನಬಿ ಹೊಸ್ತಿಲಿಗೆ ಬಂದಳು. ಪಡುವಣದಲ್ಲಿ ಇನ್ನೂ ಬೆಳಕಿತ್ತು. ಗೈಬುಸಾಬನಿಗೆ ಎತ್ತಿನ ಕೊರಳ ಹಗ್ಗದ ಎಳೆ ಕೂಡ ಕಾಣುತ್ತಿತ್ತು. ಮಗಳ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಅವಳ ಕೈ ಚೌಕಟ್ಟನ್ನು ಸವರಿತು, ಆಮೇಲೆ ಗಾಳಿಯನ್ನು. ಕಾಲು ಮೆಟ್ಟಿಲು ತಪ್ಪಿತು. ಮೊಣಕಾಲು ಕಟ್ಟೆಯ ಕಲ್ಲಿಗೆ ಬಡಿಯಿತು. ಅವಳು ಚೀರಲಿಲ್ಲ, ರೂಢಿಯಾದವರಂತೆ ತುಟಿ ಕಚ್ಚಿ, ನೆಲಕ್ಕೆ ಕೈಯೂರಿ ಎದ್ದಳು.

"ಅಬ್ಬಾ, ಎಲ್ಲಿದ್ದೀ?"

ಅವನು ಅವಳ ಎದುರಿಗೇ ನಿಂತಿದ್ದ. ಗೈಬುಸಾಬ ತನ್ನ ಅಂಗೈಯನ್ನು ಅವಳ ಮುಖದ ಮುಂದೆ ಆಡಿಸಿದ. ರೆಪ್ಪೆ ಅಲುಗಲಿಲ್ಲ.

"ಹೊತ್ತಿಳಿದ್ರ ಅಕಿಗೆ ಏನೂ ಕಾಣೂದಿಲ್ರಿ," ಎಂದ ಅಬ್ದುಲಗನಿ. "ಮಿರಜಿನ ದವಾಖಾನಿಗೆ ಕರಕೊಂಡು ಹೋಗಿದ್ದೆ. ಬರೋ ವರ್ಷದೊಳಗ ಹಗಲಿನ ಕಣ್ಣೂ ಹೋಗತಾವಂತ. ಔಷಧ ಇಲ್ಲಂದ್ರು."

"ನನಗ್ಯಾಕ ಹೇಳಲಿಲ್ಲ?"

"ನಾನ ಆಣಿ ಹಾಕೀನಿ ಅಬ್ಬಾ," ಎಂದಳು ಜೈತುನಬಿ, ದನಿ ಬಂದ ಕಡೆಗೆ ಮುಖ ತಿರುಗಿಸುತ್ತ. "ರಹಿಮಾನ ಲಗ್ನ ಆಗೂತನಾ ಬಾಯಿ ಬಿಡಬ್ಯಾಡ ಅಂತ. ತಂಗೀಗೂ ಇದ ಬ್ಯಾನಿ ಬರತೈತಿ ಅಂತಾರ ಮಂದಿ."

ಗೈಬುಸಾಬ ಅವಳನ್ನು ಎದೆಗವಚಿಕೊಂಡ. ಆಮೇಲೆ ಅಳಿಯನ ಮುಖ ನೋಡಲಾರದೆ ಕೇಳಿದ: "ಆದ್ರ ಅಷ್ಟು ದೂರ... ಆ ದ್ಯಾಶಾನ ಯಾಕಪ್ಪಾ?"

"ಮಿರಗದಾಗ ಅಲ್ಲಿ ಹೊತ್ತು ಮುಳುಗೂದ ಇಲ್ರಿ ಮಾಮಾ. ತಿಂಗಳತನಾ ಅಕಿ ಒಬ್ಬಾಕಿನ ಅಡ್ಡಾಡತಾಳ."