ಚಿನ್ನಿಯ ಓದು

“ಇದರ ಕೊರಳು ಯಾಕ ಹಿಂಗ ಒಡದೈತಿ?” ಎಂದು ನೀಲವ್ವ ಪಂಜರದ ಹಕ್ಕಿಯನ್ನು ನೋಡುತ್ತ ತನ್ನಷ್ಟಕ್ಕೇ ಪಿಸುಗುಟ್ಟಿದಳು.

ಗಣಿಯ ಕಬ್ಬಿಣದ ಅದಿರಿನ ದೂಳು ಕಟ್ಟಿ ಮನುಷ್ಯರ ಗಂಟಲಿನಲ್ಲಿ ಪಿಸುಮಾತಷ್ಟೇ ಉಳಿದ ಮೇಲೆ, ಆ ಊರಿನಲ್ಲಿ ಕಾವ್ಯ ಓದುತ್ತಿದ್ದವು ಮೈನಾಗಳೇ. ಈ ವರ್ಷ ನಾಲ್ಕು ಮನೆಯ ಹಕ್ಕಿಗಳು ಸತ್ತು, ಈಗ ನೀಲವ್ವನ ಚಿನ್ನಿ ಒಂದೇ ಉಳಿದಿತ್ತು. ಓದಿಗೆ ಮುಂಚೆ ಹಕ್ಕಿಗೆ ನೆಲ್ಲಿಕಾಯಿಯ ಪ್ರಸಾದ ತಿನ್ನಿಸುವುದು ವಾಡಿಕೆ. ಚಿನ್ನಿ ಸೊರಗಿದಷ್ಟೂ ಅವಳು ಹೆಚ್ಚು ತಿನ್ನಿಸಿದ್ದಳು.

ಹಕ್ಕಿಗಳ ಡಾಕ್ಟರ್ ದಸ್ತಗೀರ್ ರಕ್ತದ ಹನಿಯನ್ನು ಪರೀಕ್ಷಿಸಿ ಮುಖ ಸಣ್ಣದು ಮಾಡಿದ.

“ಅವ್ವಾ, ನೀರು, ಕಾಳು ಎಲ್ಲಾದರಾಗೂ ಕಬ್ಬಿಣ. ಮೈಯಾಗಿನ ಸಿ ಜೀವಸತ್ವನ ಅದು ಸುಟ್ಟು ತಿಂದೈತಿ. ನೆಲ್ಲಿಕಾಯಾಗಿನ ಅದೇ ಸತ್ವ ಕಬ್ಬಿಣನ ಮೈಯೊಳಗ ಎಳಕೊಳ್ಳತೈತಿ; ನೀವು ಕೊಟ್ಟಷ್ಟೂ ಇನ್ನಷ್ಟು ಒಳಗ ಇಳಿದೈತಿ. ಓದಿಸಿದರ ಜೀವ ಹೋಗತೈತಿ.”

“ಪ್ರಸಾದ ಅಂತ ಕೊಟ್ಟೆನಲ್ಲೋ ಯಪ್ಪಾ!”

“ಕಬ್ಬಿಣಕ್ಕ ಅದು ತಿಳಿಯಂಗಿಲ್ಲವ್ವಾ.”

ಅಂಗಳದಲ್ಲಿ ಓದು ಕೇಳಲು ಬಂದ ಊರಿಗೆ ಊರೇ ಕೆಮ್ಮುತ್ತ, ಕೈಮುಗಿದು ಕೂತಿತ್ತು. ನೀಲವ್ವ ಒಮ್ಮೆ ಆ ಕಡೆ ನೋಡಿ, ಪಂಜರದ ಮುಂದೆ ಮಂಡಿಯೂರಿದಳು.

“ಒಂದೇ ಪದ್ಯ, ನನ್ನವ್ವಾ. ಒಂದೇ ಒಂದು.”

ಚಿನ್ನಿ ಕಣ್ಣು ತೆರೆಯಿತು. ಹನ್ನೊಂದು ವರ್ಷ ಕಲಿಸಿದ ಪದ್ಯಗಳನ್ನು ಬಿಟ್ಟು ಬೇರೇನೂ ಆಡದ ಹಕ್ಕಿ, ಯಾರೂ ಕಲಿಸದ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತು.

“ಒಲ್ಲೆ.”