ಸೇವಂತಿಗೆಯ ಸೀನು

ಸೇವಂತಿಗೆ ಕುಲದ ಪಳೆಯುಳಿಕೆ ಪರಾಗವನ್ನು ನಾವು ಮೂಸಿಯೇ ಗುರುತಿಸುತ್ತೇವೆ. ಸೀನು ಬಂದರೆ ಆ ಕುಲದ್ದು, ಬರದಿದ್ದರೆ ಬರೀ ಮಣ್ಣು. ಧಾರವಾಡದ ಈ ಪ್ರಯೋಗಾಲಯದಲ್ಲಿ ನನ್ನ ಸೀನೇ ಕೊನೆಯ ಮಾತಾಗಿತ್ತು. ಶಾಲ್ಮಲಾ ಸೇರಿದ ಮೇಲೆ ಎಲ್ಲರೂ ಅವಳ ಮೂಗನ್ನೇ ನೋಡುತ್ತಾರೆ.

ಇಂದು ಡೈನೋಸಾರ್ ಕಾಲದ ಕಲ್ಲಿನ ಪುಡಿ ಬಂದಿತ್ತು. ಸೀನು ತರಿಸಿದರೆ ಅದೇ ಎಲ್ಲಕ್ಕಿಂತ ಹಳೆಯ ಸೇವಂತಿಗೆ. ಮೊದಲು ಸೀನಿದವರ ಹೆಸರೇ ಅದಕ್ಕೆ. ನಾನು ಮೂಸಿದೆ. ಏನೂ ಆಗಲಿಲ್ಲ.

“ನೆಗಡಿ ಆಗಿರಬೇಕ್ರಿ ಅಕ್ಕಾರ,” ಎಂದಳು ಶಾಲ್ಮಲಾ.

“ನೆಗಡಿ ನಿನಗಾಗ್ಲಿ. ತಗೋ, ಮೂಸು.”

ಮೂಸಿದಳು. ಅವಳ ಕಣ್ಣು ತುಂಬಿ ಬಂದವು, ಮುಖ ಕೆಂಪಾಯಿತು. ಮೂಗನ್ನು ಗಟ್ಟಿಯಾಗಿ ಹಿಂಡಿ ಹಿಡಿದು, ಸ್ವಲ್ಪ ಹೊತ್ತು ಹಾಗೇ ಕುಳಿತಳು.

“ನನಗೂ ಏನಿಲ್ರಿ. ಇನ್ನೊಮ್ಮೆ ನೀವ ನೋಡ್ರಿ,” ಎಂದು ಬಟ್ಟಲನ್ನು ನನ್ನ ಕಡೆ ಸರಿಸಿದಳು.

ಸೀನಿಬಿಟ್ಟಿದ್ದರೆ ಅವಳನ್ನು ಕ್ಷಮಿಸುತ್ತಿದ್ದೆ.