ಭೋಗ್ಯಕ್ಕೆ ಕೊಟ್ಟ ದನಿ

ನಮ್ಮೂರಿನಲ್ಲಿ ಮನೆಯನ್ನು ಭೋಗ್ಯಕ್ಕೆ ಹಿಡಿಯುವವರು ಹಣ ಕೊಡುವುದಿಲ್ಲ, ದನಿ ಕೊಡುತ್ತಾರೆ. ಬಾಡಿಗೆಯಿಲ್ಲ, ಮನೆ ಬಿಡುವಾಗ ದನಿ ವಾಪಸು. ಉಳಿಸಿದ ಬಾಡಿಗೆಯಲ್ಲಿ ಸೈಟು ಕೊಳ್ಳಬಹುದೆಂದು ವಿಮಲಾಕ್ಷಿ ಬಾಣಂತನ ಮುಗಿಯುತ್ತಲೇ ತನ್ನ ದನಿಯನ್ನು ಮೂರು ವರ್ಷಕ್ಕೆ ಮನೆ ಒಡತಿ ಪಂಕಜಮ್ಮನವರಿಗೆ ಒಪ್ಪಿಸಿದಳು. ಅಂದಿನಿಂದ ಮಹಡಿಯ ಮೇಲೆ ಅವಳದೇ ಜೇನುದನಿ ತರಕಾರಿಯವನ ಜೊತೆ ಜಗಳಕ್ಕೆ ನಿಂತಿತು: "ಏನಪ್ಪಾ, ಬದನೇಕಾಯೊಳಗೆ ಚಿನ್ನ ತುಂಬಿದೀಯಾ?" ಕೆಳಗೆ ವಿಮಲಾಕ್ಷಿ ಮಗಳು ಸಿರಿಯನ್ನು ಚಪ್ಪಾಳೆ ತಟ್ಟಿ ಕರೆಯುತ್ತಿದ್ದಳು.

ಅವಧಿ ಮುಗಿದ ಬೆಳಿಗ್ಗೆ ಪಂಕಜಮ್ಮ ದನಿಯನ್ನು ಸ್ಟೀಲ್ ಡಬ್ಬಿಯಲ್ಲಿ ತಂದುಕೊಟ್ಟು, ತಮ್ಮ ಹಳೆಯ ಗೊಗ್ಗರು ಗಂಟಲಲ್ಲಿ ಹೇಳಿದರು: "ನೋಡಮ್ಮಾ, ಗೋಡೆಯೆಲ್ಲಾ ಮಗು ಗೀಚಿದೆ. ಪೇಂಟಿಂಗ್ ಖರ್ಚಿಗೆ ಅಂತ ಜೋಗುಳ ಹಾಡೋ ಭಾಗ ಮುರ್ಕೊಂಡಿದೀನಿ. ಎಲ್ಲಾ ಕಡೆ ಇರೋದೇ." ಅಷ್ಟು ಹೇಳಿ ಮಹಡಿ ಹತ್ತಿದರು.

"ಹೋಗ್ಲಿ ಬಿಡೇ, ಸಿರಿಗಿನ್ನೇನು ಜೋಗುಳದ ವಯಸ್ಸಾ? ಸೈಟಾಯ್ತಲ್ಲ!" ಎಂದ ಗಂಡ ಚಿದಾನಂದ.

ಉಳಿದ ದನಿಯನ್ನು ನುಂಗಿ ವಿಮಲಾಕ್ಷಿ ಬಾಯಿತುಂಬ ಕರೆದಳು: "ಸಿರೀ, ಬಾರೇ ಕಂದಾ!"

ಪಕ್ಕದಲ್ಲೇ ಆಡುತ್ತಿದ್ದ ಸಿರಿ ದಡಕ್ಕನೆ ಎದ್ದಳು. "ಬಂದೆ ಅಜ್ಜೀ" ಎನ್ನುತ್ತ ಮಹಡಿಯ ಮೆಟ್ಟಿಲಿನತ್ತ ಓಡಿದಳು.

ವಿಮಲಾಕ್ಷಿ ಚಪ್ಪಾಳೆ ತಟ್ಟಿದಳು.

ಸಿರಿ ಮೆಟ್ಟಿಲ ಮೇಲೆಯೇ ನಿಂತು ತಿರುಗಿದಳು. "ಏನಮ್ಮಾ?"